ತಲೆಗೆ ಬಿಸಿನೀರು ಹುಯ್ದಾಗ ಮಾತ್ರ ಮಗನಿಗೆ ಫಿಟ್ಸ್ ಬರುತ್ತೆ, ಇದು ಮೂರ್ಛೆ ರೋಗವೇ?

ನೀವು ಬರೆದಿರುವುದು ಇಷ್ಟು: ಮಗನಿಗೆ ಒಂಬತ್ತು ವರ್ಷ, ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಎರಡು ಸಲ ಫಿಟ್ಸ್ ಬಂದಿದೆ, ಬೇರೆ ಹೊತ್ತಿನಲ್ಲಿ ಏನೂ ಇಲ್ಲ. ಇಇಜಿ, ಅಂದರೆ ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಪರೀಕ್ಷೆ, ನಾರ್ಮಲ್ ಬಂದಿದೆ. ಡಾಕ್ಟರ್ ಮಾತ್ರೆ ಬರೆದಿದ್ದಾರೆ, ಅತ್ತೆಯವರು ಮಾತ್ರೆ ಬೇಡ, ದೇವರಿಗೆ ಹರಕೆ ಹೊರೋಣ ಅನ್ನುತ್ತಿದ್ದಾರೆ.

ನಾನು ಡಾಕ್ಟರಲ್ಲ. ಚಾಮರಾಜನಗರದ ಕಡೆಯವನು, ಇದೇ ತೊಂದರೆ ಇಟ್ಟುಕೊಂಡು ಬೆಳೆದವನು. ಹಾಗಾಗಿ ನಿಮ್ಮ ಮಗನಿಗೆ ಇದೇ ಇದೆ ಎಂದು ಹೇಳಲು ನನಗೆ ಬರುವುದಿಲ್ಲ. ಆದರೆ ನೀವು ಹೇಳುವ ರೀತಿ ನೋಡಿದರೆ, ಹಾಟ್ ವಾಟರ್ ಎಪಿಲೆಪ್ಸಿ, ಅಂದರೆ ಬಿಸಿನೀರಿನಿಂದ ಬರುವ ಮೂರ್ಛೆ ರೋಗವೇ ಎಂದು ನರರೋಗ ತಜ್ಞರನ್ನು ನೇರವಾಗಿ ಕೇಳಿ. ಬೇರೆ ರಾಜ್ಯಗಳಲ್ಲಿ ಓದಿ ಬಂದ ಎಷ್ಟೋ ಡಾಕ್ಟರುಗಳು ಇದನ್ನು ಪುಸ್ತಕದಲ್ಲಷ್ಟೇ ನೋಡಿರುತ್ತಾರೆ. ನಮ್ಮ ಹಳೇ ಮೈಸೂರಿನ ಕಡೆ ಇದು ಹೊಸದೇನಲ್ಲ.

1945ರಲ್ಲಿ ನ್ಯೂಜಿಲೆಂಡಿನ ಒಬ್ಬ ವೈದ್ಯರು ಇಂಥ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಬೆಂಗಳೂರಿನಲ್ಲಿ ಡಾ. ಕೆ. ಎಸ್. ಮಣಿಯವರು 1960ರ ದಶಕದಲ್ಲೇ ಇದನ್ನು ಗುರುತಿಸಿ ಬರೆದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಯವರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಯಳಂದೂರು ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ಮೂರ್ಛೆ ರೋಗದ ಸಮೀಕ್ಷೆ ಮಾಡಿದಾಗಲೂ ಇಂಥವರು ಸಿಕ್ಕಿದರು. ಅಂದರೆ ನಿಮ್ಮ ಮನೆಯ ಬಚ್ಚಲಿನಲ್ಲಿ ನಡೆದದ್ದು ನಿಮ್ಮ ಮನೆಗೆ ಮಾತ್ರ ತಟ್ಟಿದ ಶಾಪವಲ್ಲ. ಅತ್ತೆಯವರಿಗೆ ಇದನ್ನೇ ಮೊದಲು ಓದಿ ಹೇಳಿ.

ಯಾಕೆ ಬರುತ್ತದೆ? ಮಿದುಳಿನ ಜೀವಕೋಶಗಳು ಪರಸ್ಪರ ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡುತ್ತವೆ. ಒಂದಷ್ಟು ಕೋಶಗಳು ಲಂಗುಲಗಾಮಿಲ್ಲದೆ ಒಟ್ಟಿಗೇ ಸಂಕೇತ ಬಿಡತೊಡಗಿದರೆ ಫಿಟ್ಸ್. ಕೆಲವರಲ್ಲಿ ಇದಕ್ಕೆ ಒಂದು ಗೊತ್ತಾದ ಪ್ರಚೋದನೆ ಇರುತ್ತದೆ. ಮಿನುಗುವ ಬೆಳಕು ಕಂಡರೆ ಫಿಟ್ಸ್ ಬರುವವರಿದ್ದಾರೆ, ನಮಗೆ ತಲೆಯ ಮೇಲೆ ಬೀಳುವ ಬಿಸಿನೀರು. ನಮ್ಮ ಕಡೆ ತಲೆಗೆ ಸ್ನಾನ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ. ಅವತ್ತು ಹಂಡೆಯಿಂದ 40ರಿಂದ 50 ಡಿಗ್ರಿ ಕಾವಿನ ನೀರನ್ನು ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ಹುಯ್ಯುತ್ತೇವೆ. ಹಾಗೆ ಮೀಯುವವರಿಗೆಲ್ಲ ಬರುವುದಿಲ್ಲ, ಮಿದುಳಿನಲ್ಲಿ ಫಿಟ್ಸ್‌ನ ಕಡೆಗೆ ಒಲವು ಮೊದಲೇ ಇರಬೇಕು. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ಬರುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ನಿಮ್ಮ ಕಡೆಯಲ್ಲೋ ಯಜಮಾನರ ಕಡೆಯಲ್ಲೋ ‘ನೀರು ಹುಯ್ದರೆ ತಲೆ ತಿರುಗಿ ಬೀಳುತ್ತಿದ್ದ’ ದೊಡ್ಡಪ್ಪ, ಸೋದರಮಾವ ಯಾರಾದರೂ ಇದ್ದರೇ ಎಂದು ಕೇಳಿ ನೋಡಿ. ಹಳಬರು ಫಿಟ್ಸ್ ಎಂದು ಹೇಳಿರುವುದಿಲ್ಲ, ಪಿತ್ತ ಎಂದಿರುತ್ತಾರೆ.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ಫಿಟ್ಸ್ ಶುರುವಾಗುವ ಆ ಗಳಿಗೆ ಬಹಳ ಹಿತವಾಗಿರುತ್ತದೆ. ಕಣ್ಣು ಒಂದೇ ಕಡೆ ನೆಟ್ಟು, ‘ಇನ್ನೂ ಹುಯ್ಯಿ, ಇನ್ನೂ ಹುಯ್ಯಿ’ ಎನ್ನುತ್ತಾರೆ, ಚೊಂಬು ಕಿತ್ತುಕೊಂಡು ತಾವೇ ಸುರಿದುಕೊಳ್ಳುತ್ತಾರೆ. ನನಗೂ ಹಾಗೇ ಆಗುತ್ತಿತ್ತು. ನೋಡಿದವರಿಗೆ ಅದು ಹಟದಂತೆ ಕಾಣುತ್ತದೆ, ಬೆನ್ನಿಗೊಂದು ಗುದ್ದು ಬೀಳುತ್ತದೆ. ಅದು ಹಟವಲ್ಲ, ಎಷ್ಟೋ ಸಲ ಫಿಟ್ಸ್ ಶುರುವಾಗಿರುವುದರ ಗುರುತು. ನಿಮ್ಮ ಮಗ ಹಾಗೆ ಮಾಡಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಎಲ್ಲರಿಗೂ ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರುವುದಿಲ್ಲ. ಮಂಕಾಗಿ ಕೂರುವುದು, ಅರ್ಥವಿಲ್ಲದೆ ಬಡಬಡಿಸುವುದು, ಕರೆದರೆ ಓಗೊಡದಿರುವುದು ಕೂಡ ಫಿಟ್ಸೇ.

ಇಇಜಿ ನಾರ್ಮಲ್ ಎಂದರೆ ರೋಗವಿಲ್ಲ ಎಂದಲ್ಲ. ತಲೆ ಒಣಗಿರುವಾಗ ತೆಗೆದ ಇಇಜಿ ಈ ಬಗೆಯಲ್ಲಿ ಬಹುತೇಕ ನಾರ್ಮಲ್ಲೇ ಬರುತ್ತದೆ. ಸ್ಕ್ಯಾನ್ ಬರೆದುಕೊಟ್ಟರೆ ದುಡ್ಡು ಹೊಡೆಯಲು ಎಂದುಕೊಳ್ಳಬೇಡಿ. ನಮ್ಮ ದೇಶದ ಮಕ್ಕಳಲ್ಲಿ ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ಬರುವುದು ಸಾಮಾನ್ಯ. ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯಿಂದಲೂ ಅದು ಬರುವುದರಿಂದ ಸಸ್ಯಾಹಾರಿಗಳ ಮನೆಯನ್ನೂ ಬಿಡುವುದಿಲ್ಲ. ಅದಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದೇ.

ಇನ್ನು ಮಾತ್ರೆ. ಇಲ್ಲಿ ನಿಮ್ಮ ವಿವರಣೆಯ ಮೇಲೆ ಬಹಳ ನಿಂತಿದೆ. ಫಿಟ್ಸ್ ಸ್ನಾನದಲ್ಲಿ ಮಾತ್ರ ಬರುವವರಿಗೆ ಮೊದಲ ಔಷಧ ಉಗುರು ಬೆಚ್ಚಗಿನ ನೀರು. ಮೈಗೆ ಮೊದಲು ಹಾಕಿ, ತಲೆಗೆ ಕೊನೆಯಲ್ಲಿ, ನಿಧಾನವಾಗಿ, ಇನ್ನೂ ತಣ್ಣಗಿನದನ್ನು. ಎಷ್ಟೋ ಮಕ್ಕಳಿಗೆ ಇಷ್ಟರಲ್ಲೇ ನಿಲ್ಲುತ್ತದೆ. ಸಾಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ, ಕ್ಲೊಬಜಾಮ್ ಎಂಬ ಮಾತ್ರೆ ಕೊಡುವ ಪದ್ಧತಿ ಇದೆ. ದಿನಾ ಮಾತ್ರೆ ಬೇಕೇ, ಸ್ನಾನದ ದಿನ ಮಾತ್ರ ಸಾಕೇ, ಎಷ್ಟು ಮಿಲಿಗ್ರಾಂ ಎಂಬುದನ್ನು ಡಾಕ್ಟರೇ ಹೇಳಬೇಕು. ಆದರೆ ‘ಸ್ನಾನದಲ್ಲಿ ಮಾತ್ರ’ ಎಂಬ ವಿಷಯ ಅವರ ಚೀಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಗಡಿಬಿಡಿಯ ಒಪಿಡಿಯಲ್ಲಿ ಅದು ಬಿಟ್ಟುಹೋದರೆ ದಿನಾ ನುಂಗುವ ಮಾತ್ರೆಯೇ ಕೈಗೆ ಬರುವುದು. ಈಗ ಕೊಟ್ಟಿರುವ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ತಟಕ್ಕನೆ ಬಿಟ್ಟರೆ ಒಂದರ ಹಿಂದೆ ಒಂದು ಬರುವ ಅಪಾಯವಿದೆ.

ಸುಮಾರು ಮೂರರಲ್ಲಿ ಒಬ್ಬರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ನನಗೆ ಬಂತು, ಅದಕ್ಕೇ ದಿನಾ ಮಾತ್ರೆ. ಹೆದರಿಸಲು ಹೇಳುತ್ತಿಲ್ಲ. ಊಟದ ನಡುವೆ ನಿಂತುಬಿಡುವ ಕಣ್ಣು, ಸುಮ್ಮನೆ ಬಾಯಿ ಚಪ್ಪರಿಸುವುದು, ಆಮೇಲೆ ಏನೂ ನೆನಪಿಲ್ಲದಿರುವುದು ಕಂಡರೆ ಮುಂದಿನ ತಾರೀಕಿನವರೆಗೆ ಕಾಯದೆ ತೋರಿಸಿ. ಮೂರ್ಛೆ ರೋಗ ಇರುವವರಲ್ಲಿ ನೂರಕ್ಕೆ ಎಪ್ಪತ್ತು ಜನ ಸರಿಯಾದ ಔಷಧದಿಂದ ಫಿಟ್ಸ್ ಇಲ್ಲದೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಬಚ್ಚಲಿನಲ್ಲಿ ಬಂದರೆ ಮೊದಲು ನೀರು ನಿಲ್ಲಿಸಿ, ಒಲೆ, ಹಂಡೆ, ಬಕೆಟ್ಟಿನಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ ಬೇಡ, ಮೂಗಿಗೆ ಚಪ್ಪಲಿ, ಈರುಳ್ಳಿ ಬೇಡ, ಹಲ್ಲಿನ ನಡುವೆ ಚಮಚ ಬೇಡವೇ ಬೇಡ. ಕಬ್ಬಿಣ ಹಿಡಿಸಿದಾಗ ನಿಂತಿತು ಅನ್ನುತ್ತಾರಲ್ಲ, ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಪಕ್ಕದಲ್ಲಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ, ಡಾಕ್ಟರಿಗೆ ಎಷ್ಟೋ ಸಲ ಅದೇ ದೊಡ್ಡ ಸಾಕ್ಷಿ. ಇನ್ನು ಮುಂದೆ ಹುಡುಗ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ, ನೀರು ದೊಡ್ಡವರೇ ಬೆರೆಸಿಕೊಡಲಿ. ಕೆರೆ, ಕಾಲುವೆಗೆ ಒಬ್ಬನೇ ಇಳಿಯಬಾರದು. ಆಟ, ಶಾಲೆ ಯಾವುದನ್ನೂ ತಪ್ಪಿಸಬೇಡಿ, ಕ್ಲಾಸ್ ಟೀಚರಿಗೆ ಮಾತ್ರ ಹೇಳಿಡಿ.

ಅತ್ತೆಯವರ ಜೊತೆ ಜಗಳ ಬೇಡ. ಹರಕೆ ಹೊರಲಿ, ಮಾತ್ರೆಯೂ ನಡೆಯಲಿ, ಒಂದಕ್ಕೊಂದು ಅಡ್ಡಿಯಿಲ್ಲ. ನನ್ನ ಅನುಭವದಲ್ಲಿ ಹಿರಿಯರ ನಿಜವಾದ ಭಯ ಮಾತ್ರೆಯದಲ್ಲ, ‘ಫಿಟ್ಸ್ ಹುಡುಗ’ ಎಂದು ಹೆಸರಾದರೆ ನಾಳೆ ಹೆಣ್ಣು ಕೊಡುವವರು ಯಾರು ಎಂಬುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗವನ್ನು ಮದುವೆಗೆ ಅಡ್ಡಿ ಎಂದು ಬರೆದಿದ್ದುದನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ ಎಂದು ತಿಳಿಸಿ. ನನಗೂ ಮದುವೆಯಾಗಿದೆ, ಮುಚ್ಚಿಡದೆ ಹೇಳಿಯೇ ಆದದ್ದು.

ದೀಪಾವಳಿಯ ಎಣ್ಣೆಸ್ನಾನ ಬಿಡಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಎಣ್ಣೆಯದೇನೂ ತಪ್ಪಿಲ್ಲ, ಧಾರಾಳವಾಗಿ ಹಚ್ಚಿ. ನೀರು ಬೆಚ್ಚಗಿರಲಿ ಸಾಕು, ಆ ನೀರಲ್ಲಿ ಜಿಡ್ಡು ಹೋಗಲು ಸೀಗೆಪುಡಿ ಇನ್ನೊಂದು ಹಿಡಿ ಹೆಚ್ಚು ಬೇಕಾಗುತ್ತದೆ.