ಓದುಗರ ಪ್ರಶ್ನೆ, ತಜ್ಞರ ಉತ್ತರ: ಪರದೆಯನ್ನೇ ನೆಚ್ಚಿದ ಕಲಾವಿದರಿಗೆ

ಡಿಜಿಟಲ್ ಮಾಧ್ಯಮದಲ್ಲಿ ಕೆಲಸ ಮಾಡುವವರಿಂದ, ಮಾಡಹೊರಟವರಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಒಂದೇ ಅರ್ಥದವನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಚಿತ್ರಕಲೆ ಕಲಿತಿದ್ದೇನೆ, ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲ. ಡಿಜಿಟಲ್ ಕಲೆಗೆ ಇಳಿಯಬೇಕಾದರೆ ಕೋಡ್ ಕಲಿಯಲೇಬೇಕೆ?

ಹಾಗೆಂದು ಕಟ್ಟಳೆಯೇನೂ ಇಲ್ಲ. ವಿಡಿಯೊ, ಆನಿಮೇಷನ್, ಧ್ವನಿಯಲ್ಲಿ ಹೆಸರು ಮಾಡಿದ ಎಷ್ಟೋ ಜನ ಒಂದು ಸಾಲು ಕೋಡ್ ಬರೆದವರಲ್ಲ. ಆದರೆ ನಿಯಮವೊಂದನ್ನು ಕಟ್ಟಿ, ಅದರಿಂದ ಏನು ಹುಟ್ಟುತ್ತದೆಂದು ಕಾದು ನೋಡುವುದು ನಿಮಗೆ ಹಿಡಿಸುವುದಾದರೆ ಕಲಿಯಿರಿ. ಬುಡಾಪೆಸ್ಟ್‌ನಲ್ಲಿ ಚಿತ್ರಕಲೆ ಕಲಿತು ಪ್ಯಾರಿಸ್‌ನಲ್ಲಿ ನೆಲೆಸಿದ ವೇರಾ ಮೋಲ್ನಾರ್, 1959ರಿಂದಲೇ ‘ಕಾಲ್ಪನಿಕ ಯಂತ್ರ’ ಎಂದು ಹೆಸರಿಟ್ಟು, ನಿಯಮಗಳನ್ನು ಕೈಯಿಂದಲೇ ನಡೆಸಿ ಚಿತ್ರ ಬರೆಯುತ್ತಿದ್ದರು. ನಿಜವಾದ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. 2022ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು; ಆಗ ಅವರಿಗೆ 98 ವರ್ಷ. ತಡವಾಯಿತೆಂದು ಕೊರಗುವವರಿಗಾಗಿ ಈ ಮಾತು.

ನೀವೂ ಕೈಯಿಂದಲೇ ಶುರು ಮಾಡಿ. ಗ್ರಾಫ್ ಹಾಳೆಯ ಮೇಲೆ 10 ಸಾಲು, ಸಾಲಿಗೆ 10 ಚೌಕ. ಪ್ರತಿ ಚೌಕದ ನಾಲ್ಕೂ ಮೂಲೆಗೆ ಒಂದೊಂದು ಸಲ ದಾಳ ಹಾಕಿ, ಬಿದ್ದಷ್ಟು ಮಿಲಿಮೀಟರ್ ಆ ಮೂಲೆಯನ್ನು ಸರಿಸಿ. ಒಟ್ಟು 400 ಸಲ ದಾಳ ಹಾಕಬೇಕು. ಬೇಸರ ಬರುವ ಹೊತ್ತಿಗೆ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಯಾತಕ್ಕೆಂದು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಅದನ್ನೇ, ಕೋಡ್‌ನಿಂದ ಚಿತ್ರ ಬರೆಸುವ ಸಾಧನವಾದ ಪಿ5.ಜೆಎಸ್‌ನಲ್ಲಿ ಬರೆಯಿರಿ. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ, ಕಲಾವಿದರ ಪ್ರೋಗ್ರಾಮಿಂಗ್ ಭಾಷೆ ಪ್ರೊಸೆಸಿಂಗ್‌ನ ಕುಡಿ ಅದು. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ.

ಹೊಸಬರು ಎಡವುವುದು ಎರಡು ಕಡೆ. ಒಮ್ಮೆ ಬರೆದು ನಿಲ್ಲು ಎನ್ನುವ ‘ನೋಲೂಪ್’ ಆದೇಶ ಬರೆಯದಿದ್ದರೆ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಬರೆದುಕೊಳ್ಳುತ್ತದೆ, ಚೌಕಗಳೆಲ್ಲ ಚಳಿ ಹಿಡಿದಂತೆ ನಡುಗುತ್ತವೆ. ‘ರ್‍ಯಾಂಡಮ್‌ಸೀಡ್’ಗೆ (ದಾಳದಂತೆ ಬೀಳುವ ಸಂಖ್ಯೆಗಳ ಸರಣಿಯನ್ನು ಗೊತ್ತುಮಾಡುವ ಆದೇಶಕ್ಕೆ) ಸಂಖ್ಯೆ ಕೊಡದಿದ್ದರೆ ನೀವು ಮೆಚ್ಚಿದ ಚಿತ್ರ ಮತ್ತೆಂದೂ ಸಿಗುವುದಿಲ್ಲ. ಆ ಸಂಖ್ಯೆಯನ್ನು ಫೈಲ್ ಹೆಸರಿನಲ್ಲೇ ಸೇರಿಸಿ.

ಪ್ರಶ್ನೆ: ಮಾನಿಟರಿನಲ್ಲಿ ಚೆನ್ನಾಗಿ ಕಾಣುವ ವಿಡಿಯೊ ಗ್ಯಾಲರಿಯ ಗೋಡೆ ಮೇಲೆ ಪೇಲವವಾಗುತ್ತದೆ. ಪ್ರೊಜೆಕ್ಟರ್ 3000 ಲ್ಯೂಮೆನ್‌ನದು. ಇನ್ನೂ ದೊಡ್ಡದು ಬೇಕೆ?

ಮೊದಲು ಲೆಕ್ಕ ಹಾಕಿ. ಚಿತ್ರ 4 ಮೀಟರ್ ಅಗಲವಿದ್ದರೆ 16:9 ಅನುಪಾತದಲ್ಲಿ ಎತ್ತರ 2.25 ಮೀಟರ್, ಅಂದರೆ 9 ಚದರ ಮೀಟರ್. ಲ್ಯೂಮೆನ್ ಎಂದರೆ ಪ್ರೊಜೆಕ್ಟರ್ ಎಸೆಯುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರಿಗೆ ಬೀಳುವ ಬೆಳಕು. 3000ವನ್ನು 9ರಿಂದ ಭಾಗಿಸಿದರೆ ಗೋಡೆ ಮೇಲೆ ಸುಮಾರು 333 ಲಕ್ಸ್ ಬೆಳಕು. ಇದು ಸಾಲದು ಎನ್ನುವಂತಿಲ್ಲ. ತೊಂದರೆ ಇರುವುದು ಕೋಣೆಯ ಬೆಳಕಿನಲ್ಲಿ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಅದನ್ನು ಆರಿಸಿದಾಗ ಗೋಡೆ ಎಷ್ಟು ಬೆಳ್ಳಗಿದೆಯೋ ಅದೇ ನಿಮ್ಮ ಚಿತ್ರದ ಅತಿ ಕಡುಗಪ್ಪು. ದೀಪಗಳಿಂದ ಗೋಡೆಗೆ 100 ಲಕ್ಸ್ ಬೀಳುತ್ತಿದ್ದರೆ ಬಿಳಿ–ಕಪ್ಪಿನ ಅಂತರ 433ಕ್ಕೆ 100, ಅಂದರೆ ನಾಲ್ಕು ಪಟ್ಟು ಮಾತ್ರ. ಆ ಬೆಳಕನ್ನು 10 ಲಕ್ಸ್‌ಗೆ ಇಳಿಸಿದರೆ ಅಂತರ 34 ಪಟ್ಟಾಗುತ್ತದೆ. ಪ್ರೊಜೆಕ್ಟರನ್ನು 6000 ಲ್ಯೂಮೆನ್‌ಗೆ ಏರಿಸಿದರೂ, ದೀಪ ಹಾಗೇ ಉರಿಯುತ್ತಿದ್ದರೆ, ಎಂಟು ಪಟ್ಟನ್ನೂ ಮುಟ್ಟುವುದಿಲ್ಲ. ದೊಡ್ಡ ಪ್ರೊಜೆಕ್ಟರಿಗೆ ಹಣ ಹುಡುಕುವ ಮೊದಲು ಪಕ್ಕದ ಗೋಡೆಯ ದೀಪವನ್ನು ಬೇರೆ ಕಡೆಗೆ ತಿರುಗಿಸಿ. ನೆಲ, ಚಾವಣಿ ಬಿಳಿಯಿದ್ದರೆ ನಿಮ್ಮ ಚಿತ್ರದ ಬೆಳಕೇ ಪುಟಿದು ಗೋಡೆಗೆ ಬಂದು ಕಪ್ಪನ್ನು ತಿನ್ನುತ್ತದೆ. ಅಲ್ಲಿಗೆ ಗಾಢ ಬಣ್ಣ ಹಚ್ಚಿಸುವುದು ಮುಂದಿನ ಹೆಜ್ಜೆ.

ಕೋಣೆ ಕತ್ತಲಾಗಿದ್ದೂ ಕಪ್ಪು ಬೂದಿಯಾಗಿ ಕಂಡರೆ ಸಿಗ್ನಲ್‌ನ ವ್ಯಾಪ್ತಿ ನೋಡಿ. ಕಂಪ್ಯೂಟರ್ ಕಪ್ಪಿನಿಂದ ಬಿಳಿಗೆ 16ರಿಂದ 235ರವರೆಗಿನ ಮೌಲ್ಯ ಕಳಿಸುತ್ತಿದ್ದು, ಪ್ರೊಜೆಕ್ಟರ್ 0ಯಿಂದ 255 ಬರುತ್ತದೆಂದು ಕಾಯುತ್ತಿದ್ದರೆ ಹೀಗಾಗುತ್ತದೆ. ತಿರುಗುಮುರುಗಾಗಿದ್ದರೆ ನೆರಳಿನ ವಿವರಗಳೆಲ್ಲ ಮುಳುಗಿಹೋಗುತ್ತವೆ. ಎರಡೂ ಕಡೆ ಒಂದೇ ಆಯ್ಕೆ ಇರಲಿ. ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಗುಂಡಿಯನ್ನು ಮುಟ್ಟಬೇಡಿ, ಅದು ಪಿಕ್ಸೆಲ್‌ಗಳನ್ನು ಬಲಿ ಕೊಟ್ಟು ಚೌಕ ಮಾಡುತ್ತದೆ. ಪ್ರೊಜೆಕ್ಟರನ್ನೇ ನೇರಕ್ಕೆ ಕೂರಿಸಿ. ಎಷ್ಟು ದೂರ ಎನ್ನುವಿರಾ? ಥ್ರೋ ಅನುಪಾತ (ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು) 1.2 ಇದ್ದರೆ 4 ಮೀಟರ್ ಅಗಲಕ್ಕೆ 4.8 ಮೀಟರ್. ಸಾಧಾರಣ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿನುಗಿ ಮಾಯವಾಗುವುದುಂಟು. ಅದಕ್ಕಿಂತ ಉದ್ದಕ್ಕೆ ಆಪ್ಟಿಕಲ್ ಕೇಬಲ್ ಹಾಕಿ.

ಪ್ರಶ್ನೆ: ಪ್ರದರ್ಶನ 40 ದಿನದ್ದು. ಕೋಡ್‌ನಲ್ಲಿ ಓಡುವ ನನ್ನ ಕೃತಿ ಆಗಾಗ ನಿಂತುಹೋಗುತ್ತದೆ. ಕಾರಣ ಹೇಗೆ ಹುಡುಕಲಿ?

ಎಷ್ಟು ಹೊತ್ತಿಗೆ ನಿಂತಿತೆಂದು ಗ್ಯಾಲರಿಯವರಿಂದ ಬರೆಸಿಡಿ. ಅರ್ಧ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ.

ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಗಂಟೆ ಓಡಿ ನಿಲ್ಲುತ್ತಿದ್ದರೆ ಮೆಮೊರಿ ಸೋರುತ್ತಿದೆ. ಪ್ರತಿ ಫ್ರೇಮಿಗೂ ಹೊಸ ಚಿತ್ರವನ್ನೋ ಗ್ರಾಫಿಕ್ಸ್ ಬಫರನ್ನೋ ಸೃಷ್ಟಿಸಿ ಬಿಟ್ಟಿರುತ್ತೀರಿ. ಅದನ್ನು ಆರಂಭದಲ್ಲಿ ಒಮ್ಮೆ ಮಾಡಿ, ಮತ್ತೆ ಮತ್ತೆ ಅದನ್ನೇ ಬಳಸಿ. ಮಧ್ಯಾಹ್ನದ ಹೊತ್ತಿಗೇ ನಿಂತರೆ ಬಿಸಿ ಕಾರಣ. ಚೆಂದ ಕಾಣಲೆಂದು ಕಂಪ್ಯೂಟರನ್ನು ಪೀಠದೊಳಗೆ ಮುಚ್ಚಿಡುತ್ತಾರೆ. ಕೆಳಗೆ ಗಾಳಿ ಬರಲು, ಮೇಲೆ ಹೋಗಲು ಕಿಂಡಿ ಕೊರೆಸಿ, ಮೇಲಿನ ಕಿಂಡಿಗೆ ಫ್ಯಾನ್ ಕೂರಿಸಿ. ಬೆಳಿಗ್ಗೆ ಶುರುವೇ ಆಗದಿದ್ದರೆ ರಾತ್ರಿ ಯಾರೋ ನೇರವಾಗಿ ಸ್ವಿಚ್ ಆರಿಸಿದ್ದಾರೆ. ರಾಸ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರಿನ ಮೆಮೊರಿ ಕಾರ್ಡ್, ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ವ್ಯವಸ್ಥೆ ಆನ್ ಮಾಡಿದರೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಹೇಗೆ ಆರಿಸಿದರೂ ನಡೆಯುತ್ತದೆ.

ಇನ್ನೊಂದು ಕಾಯಿಲೆ ವಿಚಿತ್ರದ್ದು: ಕೃತಿ ನಿಲ್ಲುವುದಿಲ್ಲ, ಎರಡನೆಯ ದಿನ ಕುಂಟತೊಡಗುತ್ತದೆ. ಶೇಡರ್‌ಗೆ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡಿ ಚಿತ್ರ ಬರೆಯುವ ಪುಟ್ಟ ಪ್ರೋಗ್ರಾಂಗೆ) ‘ಶುರುವಾಗಿ ಎಷ್ಟು ಸೆಕೆಂಡಾಯಿತು’ ಎಂಬ ಸಂಖ್ಯೆಯನ್ನು 32 ಬಿಟ್‌ನ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಕೊಟ್ಟಿರುತ್ತೀರಿ. ಸಂಖ್ಯೆ ಬೆಳೆದಷ್ಟೂ ಅದರ ಸೂಕ್ಷ್ಮತೆ ಕುಗ್ಗುತ್ತದೆ. 1,31,072 ಸೆಕೆಂಡ್ ದಾಟಿದಾಗ, ಎಂದರೆ ಸುಮಾರು 36 ಗಂಟೆಗೆ, ಅದು ಅಳೆಯಬಲ್ಲ ಅತಿ ಚಿಕ್ಕ ಹೆಜ್ಜೆ ಸೆಕೆಂಡಿನ 64ನೇ ಒಂದು ಭಾಗ. ಸೆಕೆಂಡಿಗೆ 60 ಫ್ರೇಮ್ ಓಡುವಾಗ ಚಲನೆ ಜರ್ಕು ಹೊಡೆಯದೆ ಇನ್ನೇನು? ಚಲನೆಯ ಒಂದು ಸುತ್ತು ಮುಗಿದೊಡನೆ ಆ ಸಂಖ್ಯೆಯನ್ನು ಸೊನ್ನೆಗೆ ತನ್ನಿ. ಮನೆಯಲ್ಲಿ ಹತ್ತು ನಿಮಿಷ ನೋಡಿ ಗ್ಯಾಲರಿಗೆ ಒಯ್ಯುವವರಿಗೆ ಇದು ಎಂದೂ ಕಾಣುವುದಿಲ್ಲ. ಆದ್ದರಿಂದ ಕನಿಷ್ಠ 72 ಗಂಟೆ ನಿಲ್ಲಿಸದೆ ಓಡಿಸಿ ನೋಡಿ. ಅಪ್‌ಡೇಟ್, ಸ್ಕ್ರೀನ್‌ಸೇವರ್, ನೋಟಿಫಿಕೇಷನ್ ಮೂರನ್ನೂ ಆಫ್ ಮಾಡಿ. ದಿನಕ್ಕೊಮ್ಮೆ ಬಾಗಿಲು ತೆರೆಯುವ ಮೊದಲು ತಾನೇ ರೀಸ್ಟಾರ್ಟ್ ಆಗುವಂತೆ ಇಡಿ.

ಪ್ರಶ್ನೆ: ಇದರಲ್ಲೇ ಜೀವನ ನಡೆಸಬಹುದೇ?

ಕೃತಿ ಮಾರಿಯೇ ಬದುಕುವವರು ಕಡಿಮೆ. ಹೆಚ್ಚಿನವರ ಆದಾಯ ಒಂದೇ ಕಡೆಯಿಂದ ಬರುವುದಿಲ್ಲ: ಪಾಠ, ರಂಗದ ಮೇಲಿನ ವಿಡಿಯೊ ಕೆಲಸ, ಉತ್ಸವಗಳ ಸಂಭಾವನೆ, ರೆಸಿಡೆನ್ಸಿ (ಸಂಸ್ಥೆಯೊಂದರಲ್ಲಿ ಕೆಲಕಾಲ ಉಳಿದು ಕೆಲಸ ಮಾಡುವ ಅವಕಾಶ), ಸಂಸ್ಥೆಗಳು ಹೇಳಿ ಮಾಡಿಸುವ ಕೃತಿ. ಬಜೆಟ್ ಕೊಡುವಾಗ ಕಲಾವಿದರ ಸಂಭಾವನೆಯನ್ನು ತಯಾರಿಕೆಯ ಖರ್ಚಿನಿಂದ ಬೇರೆಯಾಗಿ ಬರೆಯಿರಿ. ಕೂಡಿಸಿ ಬರೆದರೆ ಪ್ರೊಜೆಕ್ಟರ್ ಬಾಡಿಗೆ ಏರಿದಷ್ಟೂ ನಿಮ್ಮ ಕೂಲಿ ಇಳಿಯುತ್ತದೆ. ಜೋಡಿಸುವ ಮತ್ತು ಕಳಚುವ ದಿನಗಳೂ ಕೆಲಸದ ದಿನಗಳೇ.

ಆಯ್ಕೆ ಸಮಿತಿಯವರು ನೋಡುವುದು ಕೃತಿಯನ್ನಲ್ಲ, ಕೃತಿಯ ದಾಖಲೆ ವಿಡಿಯೊವನ್ನು. ಅದು ಎರಡು ಮೂರು ನಿಮಿಷಕ್ಕೆ ಮುಗಿಯಲಿ; ಅಳತೆ ತಿಳಿಯಲು ಚೌಕಟ್ಟಿನಲ್ಲಿ ಒಬ್ಬ ಮನುಷ್ಯರಿರಲಿ; ಹೆಸರು ತೋರಿಸುತ್ತ ಮೊದಲ ಅರ್ಧ ನಿಮಿಷ ಕಳೆಯಬೇಡಿ. ಪ್ರೊಜೆಕ್ಟರ್ 60 ಹರ್ಟ್ಸ್‌ನಲ್ಲಿದ್ದರೆ ಕ್ಯಾಮೆರಾ ಶಟರ್ ಸೆಕೆಂಡಿನ 60ನೇ ಒಂದು ಭಾಗಕ್ಕಿರಲಿ. ಅದಕ್ಕಿಂತ ಚುರುಕಾಗಿಸಿದರೆ ಚಿತ್ರದ ಮೇಲೆ ಬಣ್ಣದ ಪಟ್ಟೆ ಬೀಳುತ್ತದೆ.

ಪ್ರಶ್ನೆ: ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಾದ ವಿಡಿಯೊವನ್ನು ಮಾರುವುದೆಂದರೆ ಏನನ್ನು ಮಾರುವುದು?

ಮಿತಿಯನ್ನು ಮಾರುವುದು. ಸಾಮಾನ್ಯವಾಗಿ 3ರಿಂದ 5 ಪ್ರತಿಗಳ ಎಡಿಷನ್, ಜೊತೆಗೆ ಕಲಾವಿದರ ಬಳಿ ಉಳಿಯುವ ಒಂದೆರಡು. ಒಮ್ಮೆ ಘೋಷಿಸಿದ ಮೇಲೆ ಆರನೆಯದನ್ನು ಮಾಡಿದರೆ ಮೊದಲ ಐವರಿಗೂ ಮೋಸ. ಕೊಳ್ಳುವವರಿಗೆ ಕೊಡಬೇಕಾದದ್ದು: ಸಂಖ್ಯೆ ನಮೂದಿಸಿ ಸಹಿ ಮಾಡಿದ ಪ್ರಮಾಣಪತ್ರ, ಪ್ರೋರೆಸ್ 422 ಎಚ್‌ಕ್ಯೂನಂಥ ಉತ್ತಮ ಗುಣಮಟ್ಟದ ಮಾಸ್ಟರ್ ಫೈಲ್, ದಿನನಿತ್ಯ ಓಡಿಸಲು ಚಿಕ್ಕದಾಗಿ ಕುಗ್ಗಿಸಿದ ಎಚ್.264 ಪ್ರತಿ, ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸಲು ಎಸ್‌ಎಚ್‌ಎ-256 ಚೆಕ್‌ಸಮ್, ಮತ್ತು ಜೋಡಣೆಯ ಸೂಚನೆ. 1080 ಗಾತ್ರದಲ್ಲಿ, ಸೆಕೆಂಡಿಗೆ 25 ಫ್ರೇಮ್‌ನ 10 ನಿಮಿಷದ ಮಾಸ್ಟರ್ ಸುಮಾರು 14 ಗಿಗಾಬೈಟ್ ಆಗುತ್ತದೆ. ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆಂದು ಒಪ್ಪಂದದಲ್ಲಿ ಬರೆಸಿ.

ಎನ್‌ಎಫ್‌ಟಿ (ಡಿಜಿಟಲ್ ಕೃತಿಯ ಒಡೆತನವನ್ನು ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆಪುಸ್ತಕದಲ್ಲಿ ನಮೂದಿಸುವ ಟೋಕನ್) ಬಗ್ಗೆಯೂ ಹಲವರು ಕೇಳಿದ್ದಾರೆ. ಬ್ಲಾಕ್‌ಚೈನ್‌ನಲ್ಲಿ ಬಹುಪಾಲು ಇರುವುದು ಕೃತಿಯ ವಿಳಾಸ, ಕೃತಿ ಬೇರೆಲ್ಲೋ ಇರುತ್ತದೆ. ಆ ‘ಬೇರೆಲ್ಲೋ’ವನ್ನು ಯಾರು ಎಷ್ಟು ವರ್ಷ ಕಾಯುತ್ತಾರೆಂದು ಕೇಳಿ ಮುಂದುವರಿಯಿರಿ.

ಪ್ರಶ್ನೆ: ಫ್ಲ್ಯಾಷ್‌ನಲ್ಲಿ ಮಾಡಿದ ನನ್ನ ಹಳೆಯ ಕೃತಿಗಳು ಈಗ ತೆರೆಯುವುದಿಲ್ಲ. ಉಳಿಸುವ ದಾರಿ ಇದೆಯೇ?

ಇದೆ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ, ಬ್ರೌಸರಿನಲ್ಲಿ ಆನಿಮೇಷನ್ ಓಡಿಸುತ್ತಿದ್ದ ತನ್ನ ತಂತ್ರಾಂಶ ಫ್ಲ್ಯಾಷ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಫೈಲ್‌ಗಳನ್ನು ತಡೆಯಿತು. ಆದರೆ ‘ರಫಲ್’ ಎಂಬ ಎಮ್ಯುಲೇಟರ್ (ಹಳೆಯ ಪ್ಲೇಯರಿನಂತೆ ವರ್ತಿಸುವ ತಂತ್ರಾಂಶ) ಎಸ್‌ಡಬ್ಲ್ಯೂಎಫ್ ಫೈಲ್‌ಗಳಲ್ಲಿ ಬಹಳಷ್ಟನ್ನು ಓಡಿಸುತ್ತದೆ, ಮೊದಲು ಅದರಲ್ಲಿ ನೋಡಿ. ಸರಿಬಾರದಿದ್ದರೆ ಇನ್ನೊಂದು ಭಾಷೆಯಲ್ಲಿ ಮತ್ತೆ ಬರೆಯಬೇಕು. ಅದಕ್ಕೆ ಮೂಲದ ಎಫ್‌ಎಲ್‌ಎ ಫೈಲ್ ಬೇಕು.

ದೊಡ್ಡವರ ಕೃತಿಗಳಿಗೂ ಇದೇ ಪಾಡು. ವಿಡಿಯೊ ಕಲೆಯ ಹಿರಿಯ ನಾಮ್ ಜೂನ್ ಪೈಕ್ 1988ರಲ್ಲಿ ದಕ್ಷಿಣ ಕೊರಿಯಾದ ರಾಷ್ಟ್ರೀಯ ಕಲಾಸಂಗ್ರಹಾಲಯಕ್ಕೆ 1003 ಟಿವಿಗಳ ಗೋಪುರ ಕಟ್ಟಿದರು. ಹಳೆಯ ಪಿಕ್ಚರ್ ಟ್ಯೂಬ್‌ಗಳು ಸವೆದು 2018ರಲ್ಲಿ ಅದನ್ನು ಆರಿಸಬೇಕಾಯಿತು. 2022ರಲ್ಲಿ ಮತ್ತೆ ಹೊತ್ತಿದಾಗ, ಬಹುಪಾಲು ಟ್ಯೂಬ್‌ಗಳನ್ನು ರಿಪೇರಿ ಮಾಡಿ ಉಳಿಸಿಕೊಂಡು, ಚಿಕ್ಕ ಪರದೆಗಳನ್ನು ಎಲ್‌ಸಿಡಿಗೆ ಬದಲಿಸಿದ್ದರು. ಯಾವುದನ್ನು ಬದಲಿಸಬಹುದು, ಯಾವುದನ್ನು ಕೂಡದು ಎಂದು ನಿಮ್ಮ ಕೃತಿಗೆ ನೀವೇ ಈಗ ಬರೆದಿಡಿ: ಗಾತ್ರವೇ, ಬಣ್ಣವೇ, ಮೌಸ್‌ನ ಕ್ಲಿಕ್ಕೇ?

ಫೈಲ್‌ಗಳದು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಸಿಡಿಗಳಿದ್ದರೆ ಅವನ್ನೇ ಮೊದಲು ಓದಿಸಿ, ಅವು ಕಾಯುವುದಿಲ್ಲ. ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿಯನ್ನೂ ನಂಬಬೇಡಿ. ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದ್ದರೆ, ಏನನ್ನೂ ತಿದ್ದುವ ಮೊದಲು, ಕೃತಿ ಅದರ ಮೇಲೆ ಓಡುವುದನ್ನು ಕ್ಯಾಮೆರಾದಲ್ಲಿ ಸದ್ದಿನೊಂದಿಗೆ ಚಿತ್ರೀಕರಿಸಿಕೊಳ್ಳಿ. ಆ ಕಾಲದ ಎಷ್ಟೋ ಕೃತಿಗಳು ಯಂತ್ರ ಎಷ್ಟು ಎಳೆಯಬಲ್ಲದೋ ಅಷ್ಟು ವೇಗದಲ್ಲಿ ಓಡುತ್ತಿದ್ದವು. ಹೊಸ ಯಂತ್ರದಲ್ಲಿ ಅವು ಹುಚ್ಚು ಓಟ ಓಡುವಾಗ, ಸರಿಯಾದ ವೇಗ ಯಾವುದೆಂದು ಹೇಳಲು ಆ ಚಿತ್ರೀಕರಣ ಒಂದೇ ಉಳಿದಿರುತ್ತದೆ.