ಸಂಗೀತಗಾರರ ಜೀವನಕಥೆ: ಯಾವುದು ಓದಲಿ, ಎಷ್ಟು ನಂಬಲಿ?

ಪ್ರಶ್ನೆ: ಎರಡು ವರ್ಷದಿಂದ ಸಂಗೀತ ಕೇಳುವ ಹುಚ್ಚು ಹತ್ತಿದೆ. ಹಿಂದೂಸ್ತಾನಿ, ಕರ್ನಾಟಕ, ಪಾಶ್ಚಾತ್ಯ ಎಲ್ಲವನ್ನೂ ಕೇಳುತ್ತೇನೆ. ಆದರೆ ಸ್ವರಲಿಪಿ ಓದಲು ಬರುವುದಿಲ್ಲ, ಶಾಸ್ತ್ರವೂ ಗೊತ್ತಿಲ್ಲ. ಸಂಗೀತಗಾರರ ಜೀವನಚರಿತ್ರೆ, ಆತ್ಮಕಥೆ ಓದಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ?

ಸ್ವರಲಿಪಿ ಬರದಿದ್ದರೆ ಏನೂ ತೊಂದರೆ ಇಲ್ಲ. ದೊಡ್ಡ ಹೆಸರು ನೋಡಿ ಪುಸ್ತಕ ಆರಿಸಬೇಡಿ, ಅಷ್ಟೇ. ಎಷ್ಟೋ ದೊಡ್ಡ ಕಲಾವಿದರ ಆತ್ಮಕಥೆ ಸನ್ಮಾನ, ಪ್ರಶಸ್ತಿ, ವಿದೇಶ ಪ್ರವಾಸದ ಪಟ್ಟಿಯಾಗಿ ಮುಗಿದುಹೋಗುತ್ತದೆ. ಪುಸ್ತಕ ಕೈಗೆ ಬಂದಾಗ ನಾನು ನಡುವಿನ ಹತ್ತು ಪುಟ ತಿರುವಿ ನೋಡುತ್ತೇನೆ. ಅಲ್ಲಿ ಯಾರಾದರೂ ಕಲಿಯುತ್ತಿದ್ದಾರಾ? ತಪ್ಪು ಮಾಡಿ ಬೈಸಿಕೊಳ್ಳುತ್ತಿದ್ದಾರಾ? ಹಾಗಿದ್ದರೆ ಓದುತ್ತೇನೆ. ಬರೀ ಹಾರ ಹಾಕಿಸಿಕೊಳ್ಳುತ್ತಿದ್ದರೆ ಕೆಳಗಿಡುತ್ತೇನೆ.

ಈ ಪರೀಕ್ಷೆಯಲ್ಲಿ ಪಾಸಾಗುವ ಪುಸ್ತಕ ಕನ್ನಡದಲ್ಲೇ ಇವೆ. ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ'ಯಿಂದ ಶುರು ಮಾಡಿ. ಸಣ್ಣ ಪುಸ್ತಕ. ಆಗಲೇ ಹೆಸರು ಮಾಡಿ, ಗ್ರಾಮಫೋನ್ ರೆಕಾರ್ಡ್‌ಗಳನ್ನೂ ಕೊಟ್ಟಿದ್ದ ಗಾಯಕ ಮತ್ತೆ ಶಿಷ್ಯನಾಗಿ ಕೂರುತ್ತಾರೆ. ಗುರು ಮಂಜಿಖಾನ್, ಜೈಪುರ–ಅತ್ರೌಲಿ ಘರಾನೆಯ (ಗಾಯನ ಪರಂಪರೆಯ) ಅಲ್ಲಾದಿಯಾ ಖಾನರ ಮಗ. ಕಲಿಕೆ ಕುದುರುವ ಹೊತ್ತಿಗೆ, 1937ರಲ್ಲಿ, ಗುರು ತೀರಿಕೊಳ್ಳುತ್ತಾರೆ. ಮುಂದಿನ ತಾಲೀಮು ಅವರ ತಮ್ಮ ಭೂರ್ಜಿಖಾನರ ಹತ್ತಿರ. ಇದನ್ನು ಓದಿದ ಮೇಲೆ ಮನ್ಸೂರರ ಯಾವುದಾದರೂ ಅಪರೂಪದ ರಾಗದ ರೆಕಾರ್ಡಿಂಗ್ ಹಾಕಿ ಕೇಳಿ. ಆ ಅವಸರವಿಲ್ಲದ, ಆದರೆ ಒಂದು ಕ್ಷಣವೂ ಸುಮ್ಮನೆ ನಿಲ್ಲದ ಗಾಯನ ಎಲ್ಲಿಂದ ಬಂತು ಅಂತ ಹೊಳೆಯುತ್ತದೆ.

ಅದಾದ ಕೂಡಲೇ ನಮಿತಾ ದೇವಿದಯಾಳ್ ಅವರ 'ದಿ ಮ್ಯೂಸಿಕ್ ರೂಮ್' (2007) ತೆಗೆದುಕೊಳ್ಳಿ. ಇಂಗ್ಲಿಷ್ ಪುಸ್ತಕ, ಆದರೆ ಭಾಷೆ ಸರಳ. ತಮ್ಮ ಗುರು ಧೋಂಡುತಾಯಿ ಕುಲಕರ್ಣಿ ಬಗ್ಗೆ ಶಿಷ್ಯೆ ಬರೆದದ್ದು. ಧೋಂಡುತಾಯಿ ಕಲಿತದ್ದು ಇದೇ ಭೂರ್ಜಿಖಾನ್ ಹತ್ತಿರ, ಆಮೇಲೆ ಗಾಯಕಿ ಕೇಸರಬಾಯಿ ಕೇರ್ಕರ್ ಹತ್ತಿರ. ಅಂದರೆ ಒಂದೇ ಮನೆತನದ ಪಾಠ, ಎರಡು ಬೇರೆ ಬದುಕು. ಮನ್ಸೂರರಿಗೆ ವೇದಿಕೆ ಸಿಕ್ಕಿತು. ಧೋಂಡುತಾಯಿ ವಿದ್ಯೆ ಇದ್ದೂ ಮರೆಯಲ್ಲೇ ಉಳಿದರು. ಎರಡನ್ನೂ ಜೋಡಿಯಾಗಿ ಓದಿದರೆ ಹತ್ತು ಬಿಡಿ ಪುಸ್ತಕಕ್ಕಿಂತ ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ಅನುಭವ.

ಗಂಗೂಬಾಯಿ ಹಾನಗಲ್ ಅವರ 'ನನ್ನ ಬದುಕಿನ ಹಾಡು' ಹೇಳಿ ಬರೆಸಿದ್ದು. ಓದುವಾಗ ಎದುರಿಗೆ ಕೂತು ಮಾತಾಡಿದ ಹಾಗೇ ಇರುತ್ತದೆ. ಗುರು ಸವಾಯಿ ಗಂಧರ್ವರ ಪಾಠಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ ದಿನಗಳ ಬಗ್ಗೆ ಓದುವಾಗ ನಿಧಾನ ಮಾಡಿ.

ಕರ್ನಾಟಕ ಸಂಗೀತಕ್ಕೆ ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು'. ಇದು ಆತ್ಮಕಥೆಯಲ್ಲ. 1865ರಲ್ಲಿ ಹುಟ್ಟಿ 1961ರವರೆಗೆ ಬದುಕಿದ ವಾಗ್ಗೇಯಕಾರರೊಬ್ಬರು (ಸಾಹಿತ್ಯ, ಸಂಗೀತ ಎರಡನ್ನೂ ರಚಿಸುವವರು) ತಾವು ಕಂಡ ಕಲಾವಿದರನ್ನು ಬರೆದಿದ್ದಾರೆ. ಗುರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್, ವೀಣೆ ಶೇಷಣ್ಣ ಇವರೆಲ್ಲ ರಕ್ತಮಾಂಸದ ಮನುಷ್ಯರಾಗಿ ಬರುತ್ತಾರೆ. ತಮ್ಮ ಬಗ್ಗೆ ಕಡಿಮೆ, ಬೇರೆಯವರ ಬಗ್ಗೆ ಜಾಸ್ತಿ ಬರೆಯುವ ಸಂಗೀತಗಾರರು ಅಪರೂಪ. ಸಿಕ್ಕರೆ ಬಿಡಬೇಡಿ.

ಪಾಶ್ಚಾತ್ಯ ಸಂಗೀತಕ್ಕೆ ಬಂದರೆ ನಾನು ಯಾರಿಗಾದರೂ ಮೊದಲು ಹೇಳುವುದು ಮೊಜಾರ್ಟ್‌ನ ಪತ್ರಗಳನ್ನು. ಎಮಿಲಿ ಆ್ಯಂಡರ್ಸನ್ ಮಾಡಿದ ಇಂಗ್ಲಿಷ್ ಅನುವಾದ 1938ರಲ್ಲಿ ಬಂತು, ಈಚಿನ ಅನುವಾದಗಳೂ ಇವೆ. 1778ರ ಜುಲೈ 3ರ ಪತ್ರ ಹುಡುಕಿ. ಮೊಜಾರ್ಟ್‌ಗೆ ಆಗ 22 ವರ್ಷ. ಜೊತೆಗೆ ಪ್ಯಾರಿಸ್‌ಗೆ ಬಂದಿದ್ದ ತಾಯಿ ಆ ರಾತ್ರಿ ತೀರಿಕೊಂಡಿದ್ದಾರೆ. ಊರಲ್ಲಿರುವ ತಂದೆಗೆ ಅವನು ಬರೆಯುವುದು ಅಮ್ಮನಿಗೆ ತುಂಬಾ ಹುಷಾರಿಲ್ಲ ಅಂತ ಮಾತ್ರ. ಅದೇ ಪತ್ರದಲ್ಲಿ ಮುಂದೆ ತನ್ನ ಹೊಸ ಸಿಂಫನಿಯ (ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿಯ) ಸುದ್ದಿ. ಕೊನೆಯ ಭಾಗವನ್ನು ಎಲ್ಲರೂ ಜೋರಾಗಿ ಶುರು ಮಾಡುತ್ತಾರೆ, ತಾನು ಬರೀ ವಯೊಲಿನ್‌ಗಳಿಂದ ಮೆಲ್ಲಗೆ ಶುರು ಮಾಡಿದೆ, ಜನ 'ಶ್' ಅಂದರು, ತಕ್ಷಣ ಇಡೀ ವಾದ್ಯವೃಂದ ಮೊಳಗಿತು, ಚಪ್ಪಾಳೆ ಬಿತ್ತು ಅಂತ. ಅದೇ ರಾತ್ರಿ ಕುಟುಂಬದ ಗೆಳೆಯರೊಬ್ಬರಿಗೆ ಇನ್ನೊಂದು ಪತ್ರ: ಅಮ್ಮ ಹೋಗಿಬಿಟ್ಟಳು, ಅಪ್ಪನನ್ನು ನಿಧಾನವಾಗಿ ಸಿದ್ಧಮಾಡಿ. ಈ ಎರಡೂ ಪತ್ರ ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ಆ 'ಪ್ಯಾರಿಸ್ ಸಿಂಫನಿ' ಕೇಳಿ. ನನಗಂತೂ ಆ ಮೆಲ್ಲಗಿನ ಆರಂಭ ಮೊದಲಿನ ಹಾಗೆ ಕೇಳಿಸಿಲ್ಲ.

ನಗಬೇಕು ಅಂದರೆ ಫ್ರೆಂಚ್ ಸಂಗೀತ ರಚನಕಾರ ಬೆರ್ಲಿಯೋಜ್‌ನ ನೆನಪುಗಳು. ತಂದೆ ಡಾಕ್ಟರಾಗಲಿ ಅಂತ ಪ್ಯಾರಿಸ್‌ಗೆ ಕಳಿಸುತ್ತಾರೆ. ಇವನು ಹೆಣ ಕೊಯ್ಯುವ ಕೋಣೆ ನೋಡಿದ್ದೇ ಕಿಟಕಿಯಿಂದ ಹಾರಿ ಓಡುತ್ತಾನೆ. ಮುಂದೆ ಕೈಕೊಟ್ಟ ಹುಡುಗಿಯನ್ನು ಕೊಲ್ಲಲು ಪಿಸ್ತೂಲು ಇಟ್ಟುಕೊಂಡು, ಕೆಲಸದವಳ ವೇಷಕ್ಕೆಂದು ಬಟ್ಟೆ ಹೊಲಿಸಿಕೊಂಡು ಇಟಲಿಯಿಂದ ಹೊರಡುತ್ತಾನೆ. ದಾರಿಯಲ್ಲಿ ಆ ಬಟ್ಟೆಯ ಗಂಟೇ ಕಳೆದುಹೋಗುತ್ತದೆ! ಉಪ್ಪುಖಾರ ಎಷ್ಟು ಹಚ್ಚಿದ್ದಾನೋ ಅವನಿಗೇ ಗೊತ್ತು.

ಪ್ರಶ್ನೆ: ಅಮೆರಿಕದ ಜಾಜ್ ಗಾಯಕಿ ಬಿಲಿ ಹಾಲಿಡೇ ಆತ್ಮಕಥೆ ಓದಿ ತುಂಬಾ ಮೆಚ್ಚಿದ್ದೆ. ಅದರಲ್ಲಿ ಎಷ್ಟೋ ಸಂಗತಿ ನಿಜವಲ್ಲ ಅಂತ ಆಮೇಲೆ ಗೊತ್ತಾಯಿತು. ಮೋಸ ಹೋದ ಹಾಗಾಗಿದೆ. ಇಂಥ ಪುಸ್ತಕಗಳನ್ನು ನಂಬುವುದು ಹೇಗೆ?

ನಿಮ್ಮ ಬೇಜಾರು ನನಗೆ ಚೆನ್ನಾಗಿ ಗೊತ್ತು. ಕಾಲೇಜಿನ ದಿನಗಳಲ್ಲಿ ನನಗೊಂದು ಹಳೆಯ ಪುಸ್ತಕ ಸಿಕ್ಕಿತ್ತು. ಜರ್ಮನ್ ಸಂಗೀತ ರಚನಕಾರ ಬಾಖ್‌ನ ಎರಡನೇ ಹೆಂಡತಿ ಅನ್ನಾ ಮಗ್ದಲೇನಾ ಗಂಡನ ಬಗ್ಗೆ ಬರೆದ ನೆನಪುಗಳು. ಓದಿ ಕಣ್ಣೀರು ಹಾಕಿದ್ದೆ. ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಎಸ್ತರ್ ಮೇನೆಲ್ ಎಂಬ ಇಂಗ್ಲಿಷ್ ಲೇಖಕಿ 1925ರಲ್ಲಿ ಬರೆದ ಕಾದಂಬರಿ! ಮೊದಲು ಲೇಖಕಿಯ ಹೆಸರಿಲ್ಲದೆ ಬಂದದ್ದರಿಂದ ನನ್ನ ಹಾಗೆ ಸಾವಿರಾರು ಜನ ನಂಬಿದ್ದರು. ನಿಜವಾದ ಅನ್ನಾ ಮಗ್ದಲೇನಾ ನೆನಪುಗಳನ್ನು ಬರೆದಿಡಲಿಲ್ಲ. ಅವಳ ಕೈಬರಹ ಉಳಿದಿರುವುದು ಗಂಡನ ಸಂಗೀತವನ್ನು ನಕಲು ಮಾಡಿದ ಹಾಳೆಗಳಲ್ಲಿ.

ಅಂದಿನಿಂದ ಪುಸ್ತಕ ತೆರೆಯುವ ಮೊದಲು ಒಂದು ವಿಷಯ ನೋಡಿಕೊಳ್ಳುತ್ತೇನೆ. ಪೆನ್ನು ಯಾರ ಕೈಯಲ್ಲಿತ್ತು?

ಹಾಲಿಡೇ ಪುಸ್ತಕ 1956ರದ್ದು. ಮಾತು ಅವಳದು, ಬರವಣಿಗೆ ವಿಲಿಯಂ ಡಫ್ಟಿಯದು. ಹಳೆಯ ಸಂದರ್ಶನಗಳ ತುಣುಕುಗಳನ್ನೂ ಅವರು ಬಳಸಿಕೊಂಡರು. ಮೊದಲ ಸಾಲೇ ಹೇಳುತ್ತದೆ, ಅಪ್ಪ ಅಮ್ಮನ ಮದುವೆಯಾದಾಗ ಅಪ್ಪನಿಗೆ 18, ಅಮ್ಮನಿಗೆ 16, ತನಗೆ 3 ಅಂತ. ಆ ಇಬ್ಬರು ಮದುವೆಯೇ ಆಗಿರಲಿಲ್ಲ ಅಂತ ಆಮೇಲೆ ದಾಖಲೆ ಹುಡುಕಿದವರು ತೋರಿಸಿದರು. ಸರಿ, ಸುಳ್ಳು. ಆದರೆ ಆ ಸಾಲನ್ನು ಇನ್ನೊಮ್ಮೆ ನೋಡಿ. ಅಷ್ಟು ದೊಡ್ಡ ನೋವನ್ನು ನಗುವ ಹಾಗೆ, ತಾಳಕ್ಕೆ ಕೂರಿಸಿ, ಸ್ವಲ್ಪ ತಡಮಾಡಿ ಬಿಡುತ್ತಾಳೆ. ಅವಳು ಹಾಡುತ್ತಿದ್ದದ್ದೂ ಹಾಗೇ ಅಲ್ವಾ? ಅವಳ ಧ್ವನಿ ಬೇಕಾದರೆ ಈ ಪುಸ್ತಕ ಓದಿ. ತಾರೀಖು, ಊರು, ಹೆಸರು ಬೇಕಾದರೆ ಬೇರೆ ಯಾರೋ ಸಂಶೋಧನೆ ಮಾಡಿ ಬರೆದ ಜೀವನಚರಿತ್ರೆ ನೋಡಿ.

ನನಗೆ ಸಿಟ್ಟು ಬರುವುದು ಇನ್ನೊಂದು ಬಗೆಯ ಸುಳ್ಳಿಗೆ. ಬೀಥೋವನ್‌ಗೆ ಕಿವಿ ಕೇಳಿಸದೇ ಹೋದಾಗ, 1818ರಿಂದ, ಅವನ ಹತ್ತಿರ ಸಣ್ಣ ಪುಸ್ತಕಗಳು ಇರುತ್ತಿದ್ದವು. ಬಂದವರು ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದರು. ಅವನು ಹೆಚ್ಚಾಗಿ ಬಾಯಲ್ಲೇ ಉತ್ತರ ಕೊಡುತ್ತಿದ್ದ. ಹಾಗಾಗಿ ನಮಗೆ ಉಳಿದಿರುವುದು ಅರ್ಧ ಮಾತುಕತೆ. ಪಕ್ಕದವರು ಫೋನಿನಲ್ಲಿ ಮಾತಾಡುವಾಗ ಒಂದು ಕಡೆಯದಷ್ಟೇ ಕೇಳಿಸುತ್ತದಲ್ಲ, ಹಾಗೆ. ಅವನು ಸತ್ತ ಮೇಲೆ ಈ ಪುಸ್ತಕಗಳು ಅವನ ಸಹಾಯಕ ಆಂಟನ್ ಷಿಂಡ್ಲರ್ ಕೈಗೆ ಬಂದವು. 1840ರಲ್ಲಿ ಷಿಂಡ್ಲರ್ ಬೀಥೋವನ್ ಜೀವನಚರಿತ್ರೆ ಬರೆದ. ಐದನೇ ಸಿಂಫನಿಯ ಆರಂಭದ ನಾಲ್ಕು ಸ್ವರ ಅಂದರೆ ವಿಧಿ ಬಾಗಿಲು ತಟ್ಟುವ ಸದ್ದು ಅನ್ನುವ ಕಥೆ ಅವನಿಂದಲೇ ಬಂದದ್ದು. ಸುಮಾರು 130 ವರ್ಷ ಜನ ಅವನನ್ನು ನಂಬಿದರು. 1970ರ ದಶಕದಲ್ಲಿ ಆ ಪುಸ್ತಕಗಳನ್ನು ಅಚ್ಚಿಗೆ ಸಿದ್ಧ ಮಾಡುತ್ತಿದ್ದ ವಿದ್ವಾಂಸರಿಗೆ ಗುಟ್ಟು ಸಿಕ್ಕಿತು. ಖಾಲಿ ಜಾಗ ಕಂಡಲ್ಲೆಲ್ಲ ಷಿಂಡ್ಲರ್ ಆಮೇಲೆ ತನ್ನ ಮಾತುಗಳನ್ನು ತುಂಬಿದ್ದ. ಒಂದೆರಡಲ್ಲ, 100ಕ್ಕೂ ಹೆಚ್ಚು ಕಡೆ. ಸತ್ತ ಯಜಮಾನನ ಜೊತೆ ತಾನು ಎಷ್ಟು ಆಪ್ತನಾಗಿದ್ದೆ ಅಂತ ತೋರಿಸಿಕೊಳ್ಳಲು! ಷಿಂಡ್ಲರ್ ಮಾತನ್ನು ಪರೀಕ್ಷೆ ಮಾಡದೆ ಎತ್ತಿಕೊಂಡ ಹಳೆಯ ಬೀಥೋವನ್ ಪುಸ್ತಕಗಳನ್ನು ಹಾಗಾಗಿ ಪಕ್ಕಕ್ಕಿಡಿ.

ಸೋವಿಯತ್ ಸಂಗೀತ ರಚನಕಾರ ಶೋಸ್ತಕೋವಿಚ್ ವಿಷಯ ಇನ್ನೂ ಕಗ್ಗಂಟು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1979ರಲ್ಲಿ, ಸೋಲೊಮನ್ ವೋಲ್ಕೋವ್ 'ಟೆಸ್ಟಿಮನಿ' ಅಂತ ಪುಸ್ತಕ ತಂದರು. ಶೋಸ್ತಕೋವಿಚ್ ತಮಗೆ ಹೇಳಿ ಬರೆಸಿದ ನೆನಪುಗಳು, ಅಧ್ಯಾಯಗಳಿಗೆ ಅವರೇ ರುಜು ಹಾಕಿದ್ದಾರೆ ಅಂತ ವೋಲ್ಕೋವ್ ವಾದ. ಮರುವರ್ಷವೇ ಲಾರೆಲ್ ಫೇ ಎಂಬ ವಿದ್ವಾಂಸೆ, ಅದರ ಕೆಲವು ಭಾಗಗಳು ಸೋವಿಯತ್ ಪತ್ರಿಕೆಗಳಲ್ಲಿ ಮೊದಲೇ ಅಚ್ಚಾಗಿದ್ದವು ಅಂತ ತೋರಿಸಿದರು. ಜಗಳ ಇನ್ನೂ ಮುಗಿದಿಲ್ಲ. ನಾನು ಅದರ ಬದಲು ಎಲಿಜಬೆತ್ ವಿಲ್ಸನ್ 1994ರಲ್ಲಿ ತಂದ 'ಶೋಸ್ತಕೋವಿಚ್: ಎ ಲೈಫ್ ರಿಮೆಂಬರ್ಡ್' ಕೊಡುತ್ತೇನೆ. ಗೆಳೆಯರು, ಶಿಷ್ಯರು, ವಾದಕರು ಒಬ್ಬೊಬ್ಬರಾಗಿ ತಮ್ಮ ನೆನಪು ಹೇಳುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ. ಸೋವಿಯತ್ ಸರ್ಕಾರದ ಹೆದರಿಕೆಯಲ್ಲಿ ಬದುಕಿದ ಮನುಷ್ಯ ಒಬ್ಬೊಬ್ಬರಿಗೆ ಒಂದೊಂದು ಥರ ಕಂಡಿರಬೇಕಲ್ಲ.

ಪ್ರಶ್ನೆ: ಮಗಳಿಗೆ 13 ವರ್ಷ, ಪಿಟೀಲು ಕಲಿಯುತ್ತಿದ್ದಾಳೆ. ಅಭ್ಯಾಸ ಅಂದರೆ ಬೇಸರ. ಅವಳಿಗೆ ಯಾವ ಪುಸ್ತಕ ಕೊಡಲಿ?

ಅಭ್ಯಾಸ ಮಾಡಲಿ ಅಂತ ಪುಸ್ತಕ ಕೊಟ್ಟರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಸುಮ್ನೆ ಕಥೆ ಅಂತ ಕೊಡಿ. ಚೆಲ್ಲೋ ವಾದಕ ಪಾಬ್ಲೊ ಕಸಾಲ್ಸ್ ಆಲ್ಬರ್ಟ್ ಕಾನ್ ಅವರಿಗೆ ಹೇಳಿ ಬರೆಸಿದ 'ಜಾಯ್ಸ್ ಆ್ಯಂಡ್ ಸಾರೋಸ್' (1970) ಚೆನ್ನಾಗಿದೆ. ಕಸಾಲ್ಸ್‌ಗೂ ಆಗ 13 ವರ್ಷ. ಅಪ್ಪನ ಜೊತೆ ಬಾರ್ಸಿಲೋನಾದ ಬಂದರಿನ ಹತ್ತಿರದ ಹಳೆಯ ಅಂಗಡಿಯೊಂದರಲ್ಲಿ ಸಂಗೀತದ ಹಾಳೆ ಕೆದಕುವಾಗ ಬಾಖ್‌ನ ಚೆಲ್ಲೋ ಸೂಟ್‌ಗಳು (ಒಂಟಿ ಚೆಲ್ಲೋಗೆ ಬರೆದ ಕೃತಿಗಳು) ಸಿಗುತ್ತವೆ. ಅವುಗಳಲ್ಲಿ ಒಂದನ್ನು ಸಭೆಯಲ್ಲಿ ನುಡಿಸುವ ಧೈರ್ಯ ಬರಲು 12 ವರ್ಷ ಬೇಕಾಯಿತು. (ಬಾಖ್ ಕೈಯಲ್ಲಿ ಬರೆದ ಪ್ರತಿ ಉಳಿದಿಲ್ಲ. ನಮಗೆ ಸಿಕ್ಕಿರುವ ಮುಖ್ಯ ನಕಲು ಅದೇ ಅನ್ನಾ ಮಗ್ದಲೇನಾ ಬರೆದದ್ದು.) ಜಾಜ್ ವಾದಕ ಮೈಲ್ಸ್ ಡೇವಿಸ್ ಆತ್ಮಕಥೆ ಅದ್ಭುತವಾಗಿದೆ, ಆದರೆ ಪುಟಕ್ಕೆ ಹತ್ತು ಬೈಗುಳ. ಇನ್ನೂ ಐದು ವರ್ಷ ತಡೆಯಿರಿ.

ಪ್ರಶ್ನೆ: ಜ್ಯಾನ್ ಸ್ವಾಫರ್ಡ್ ಬರೆದ ಬೀಥೋವನ್ ಜೀವನಚರಿತ್ರೆ ತಂದೆ. ಸಾವಿರ ಪುಟ! ನೂರರ ಹತ್ತಿರ ನಿಂತುಬಿಟ್ಟೆ.

ಮೊದಲ ಪುಟದಿಂದ ಓದಬೇಕು ಅಂತ ಯಾರು ಹೇಳಿದರು? ಅಜ್ಜ ಮುತ್ತಜ್ಜರನ್ನು ಹಾರಿಸಿಬಿಡಿ. ಹಿಂದಿನ ಪದಸೂಚಿಗೆ ಹೋಗಿ, ನಿಮಗೆ ಇಷ್ಟವಾದ ಒಂದು ಕೃತಿ ಹುಡುಕಿ. ಮೂರನೇ ಸಿಂಫನಿ 'ಎರೋಯಿಕಾ' ಒಳ್ಳೆಯದು. ಅದನ್ನು ನೆಪೋಲಿಯನ್ ಹೆಸರಿನಲ್ಲಿ ಬರೆದಿದ್ದ ಬೀಥೋವನ್, 1804ರಲ್ಲಿ ಅವನು ತನ್ನನ್ನೇ ಚಕ್ರವರ್ತಿ ಅಂತ ಸಾರಿಕೊಂಡಾಗ ಸಿಟ್ಟಿನಿಂದ ಶೀರ್ಷಿಕೆ ಪುಟ ಹರಿದು ಹಾಕಿದ ಅಂತ ಶಿಷ್ಯ ರೀಸ್ ಬರೆದಿದ್ದಾನೆ. ವಿಯೆನ್ನಾದಲ್ಲಿ ಆ ಸಿಂಫನಿಯ ಒಂದು ನಕಲು ಪ್ರತಿ ಇದೆ. ಅದರ ಶೀರ್ಷಿಕೆ ಪುಟ ಹರಿದಿಲ್ಲ. ಆದರೆ ಬೋನಪಾರ್ಟೆಯ ಹೆಸರಿದ್ದ ಜಾಗದಲ್ಲಿ ಕೆರೆದು ಕೆರೆದು ಕಾಗದ ತೂತಾಗಿದೆ. ಆ ಪುಟದ ಫೋಟೊ ಅಂತರ್ಜಾಲದಲ್ಲಿ ಸಿಗುತ್ತದೆ. ಒಮ್ಮೆ ನೋಡಿ, ಸಿಂಫನಿ ಹಾಕಿಕೊಂಡು, ಆ ಅಧ್ಯಾಯದಿಂದ ಶುರು ಮಾಡಿ.