ಗೋಡೆ ಬಿದ್ದ ದಿನಾಂಕ

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಅಲಾಸ್ಕಾದ ನ್ಯೂಟಾಕ್ ಎಂಬ, ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನರ ಊರಿನ ಬಗ್ಗೆ ಓದಿದೆ. ನದಿ ಊರನ್ನು ನುಂಗುತ್ತಿದೆ ಅಂತ ಸುಮಾರು 350 ಜನಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದು ಬೇರೆ ಊರು ಕಟ್ಟಿದ್ದಾರೆ. ಎಲ್ಲರಿಗೂ ಆಂಕರೇಜ್ ಪೇಟೆಯಲ್ಲಿ ಒಂದೊಂದು ಮನೆ ಕೊಟ್ಟಿದ್ದರೆ ಅಗ್ಗವಾಗುತ್ತಿರಲಿಲ್ಲವೇ? ಅಂಥ ಜಾಗದಲ್ಲಿ ಊರು ಕಟ್ಟಿಕೊಂಡದ್ದು ಅವರದ್ದೇ ತಪ್ಪಲ್ಲವೇ?
– ಓದುಗರು, ಶಿರಸಿ

ಉತ್ತರ: ಹಣದ ಮಾತು ಸುಳ್ಳಲ್ಲ. ಇಡೀ ಊರು ಎತ್ತಿಡಲು 13 ಕೋಟಿ ಡಾಲರ್‌ವರೆಗೂ ಬೇಕಾಗಬಹುದು ಅಂತ ಅಮೆರಿಕದ ಸೇನಾ ಇಂಜಿನಿಯರುಗಳೇ ಒಮ್ಮೆ ಅಂದಾಜು ಹಾಕಿದ್ದರು. ತಲೆಗಿಷ್ಟು ಅಂತ ಭಾಗಿಸಿದರೆ ಎದೆ ಧಸಕ್ ಅನ್ನುತ್ತದೆ. ಒಪ್ಪಿದೆ.

ಆದರೆ ನಿಮ್ಮ ಪತ್ರದ ಕೊನೆಯ ಸಾಲಿದೆಯಲ್ಲ, ಅದಕ್ಕೆ ನಿಮ್ಮ ಕಿವಿ ಸ್ವಲ್ಪ ಹಿಂಡಬೇಕು. ಯೂಪಿಕ್ ಜನ ಒಂದೇ ಕಡೆ ಕೂತವರೇ ಅಲ್ಲ. ಚಳಿಗಾಲಕ್ಕೊಂದು ನೆಲೆ, ಬೇಸಿಗೆಗೆ ಮೀನು ಹಿಡಿಯುವ ಬಿಡಾರ. ನೀರು ಹತ್ತಿರ ಬಂದರೆ ಎದ್ದು ಹೋಗುತ್ತಿದ್ದರು, ಅಷ್ಟೇ. ಆಮೇಲೆ ಸರ್ಕಾರದ ಶಾಲೆ ಬಂತು. ಮಕ್ಕಳು ಶಾಲೆಗೆ ಬರಲೇಬೇಕು ಅಂದಮೇಲೆ ಅಪ್ಪ ಅಮ್ಮ ಎಲ್ಲಿಗೆ ಹೋಗುತ್ತಾರೆ? ಶಾಲೆಯ ಸಾಮಾನು ಹೊತ್ತ ದೋಣಿ ಅದಕ್ಕಿಂತ ಮೇಲೆ ಹೋಗಲಾರದೆ ಅಲ್ಲೇ ನಿಂತಿತು, ಹಾಗಾಗಿ ಊರೂ ಅಲ್ಲೇ ನಿಂತಿತು ಅಂತ ಅಲ್ಲಿಯವರು ಹೇಳುತ್ತಾರೆ. ಹೆಪ್ಪುಗಟ್ಟಿದ ಕೆಸರಿನ ಮೇಲೆ! ಆ ಹೆಪ್ಪು ಕರಗಿತು. ನಿಂಗ್ಲಿಕ್ ನದಿ ವರ್ಷಕ್ಕೆ ಸರಾಸರಿ 70 ಅಡಿ ದಡ ತಿಂದಿತು. ಮನೆಗಳು ವಾಲಿದವು, ಓಡಾಡುವ ಹಲಗೆದಾರಿ ಕೆಸರಿಗಿಳಿಯಿತು. ಮನೆಯಲ್ಲಿ ಕಕ್ಕಸು ಇಲ್ಲ, ಪ್ಲಾಸ್ಟಿಕ್ ಬಕೆಟ್ಟು. ತುಂಬಿದ ಮೇಲೆ ಹೊತ್ತುಕೊಂಡು ಹೋಗಿ ಚೆಲ್ಲಬೇಕು. ಪ್ರವಾಹ ಬಂದರೆ ಚೆಲ್ಲಿದ್ದೆಲ್ಲ ಊರಿಗೇ ವಾಪಸ್.

ಇವರೇನು ಸುಮ್ನೆ ಕೂತಿದ್ದರಾ? 1994ರಲ್ಲೇ ಬೇರೆ ಜಾಗ ಹುಡುಕಲು ಶುರು ಮಾಡಿದ್ದರು. ಸುಮಾರು 15 ಕಿಲೋಮೀಟರ್ ಆಚೆ, ನೆಲ್ಸನ್ ದ್ವೀಪದ ಎತ್ತರದ ನೆಲ. ಮೆರ್ಟಾರ್ವಿಕ್ ಅಂತ ಹೆಸರು, ಊಟೆಯಿಂದ ನೀರು ತರುವ ಜಾಗ ಅಂತ ಅರ್ಥ. ಆ ನೆಲ ಅದಲು ಬದಲು ಮಾಡಿಕೊಳ್ಳಲು ಅಮೆರಿಕದ ಸಂಸತ್ತು 2003ರಲ್ಲಿ ಕಾನೂನು ಮಾಡಬೇಕಾಯಿತು. ಮೊದಲ ಮನೆಯವರು ದಾಟಿದ್ದು 2019ರಲ್ಲಿ, ಕೊನೆಯವರು 2024ರಲ್ಲಿ. ಮೂವತ್ತು ವರ್ಷ!

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಇದನ್ನು ವಿಪತ್ತು ಅಂತ ಘೋಷಿಸಿ ಅಂತ ಊರವರು ಕೇಂದ್ರ ಸರ್ಕಾರವನ್ನು ಕೇಳಿದರು. 2017ರ ಜನವರಿಯಲ್ಲಿ ಆಗುವುದಿಲ್ಲ ಅಂತ ಉತ್ತರ ಬಂತು. ಆ ಕಾನೂನು ಒಂದೇ ಏಟಿಗೆ ಬಡಿಯುವ ಬಿರುಗಾಳಿ, ಪ್ರವಾಹಕ್ಕೆ ಹೊಲಿದ ಅಂಗಿ. ದಿನಾ ಒಂದೊಂದು ತುತ್ತು ತಿನ್ನುವ ನದಿಯ ಮೈಗೆ ಅದು ಹಿಡಿಸುವುದಿಲ್ಲ.

ಒಂದು ಮಳೆಗಾಲ ನಮ್ಮ ಮನೆಯ ಹಿಂದಿನ ಮಣ್ಣುಗೋಡೆ ಬಿತ್ತು. ಪರಿಹಾರಕ್ಕೆ ಒಂದು ಕಚೇರಿಗೆ ಹೋದೆ. ಅರ್ಜಿಯಲ್ಲಿ ‘ಬಿದ್ದ ದಿನಾಂಕ’ ಅಂತ ಒಂದು ಸಾಲು. ಮೂರು ಮಳೆಗಾಲದಿಂದ ಬೀಳುತ್ತಾನೇ ಇತ್ತು ಸ್ವಾಮಿ ಅಂದೆ. ‘ಹಾಗಾದ್ರೆ ಇದು ಹಳೇ ಹಾನಿ’ ಅಂತ ಗುಮಾಸ್ತರು ಕಾಗದ ವಾಪಸ್ ಕೊಟ್ಟರು. ಬಾಯಿ ಮುಚ್ಚಿಕೊಂಡು ಬಿದ್ದ ರಾತ್ರಿಯ ತಾರೀಖು ಬರೆದಿದ್ದರೆ ದುಡ್ಡು ಬರುತ್ತಿತ್ತೋ ಏನೋ. ಸಂಪಾದಕರಿಗೆ ಮಾತು ಜಾಸ್ತಿ, ಅಲ್ವಾ?

ಇನ್ನು ನಿಮ್ಮ ಪೇಟೆ ಮನೆ. ನೀವು ಒಳ್ಳೆಯ ಓದುಗರು, ಲೇಖನದ ಅಂಕಿಗಳನ್ನೆಲ್ಲ ನೆನಪಿಟ್ಟಿದ್ದೀರಿ. ಆದರೆ ಒಂದು ಅಂಕಿ ನಾವೇ ಬಿಟ್ಟಿದ್ದೆವು. ಅದೇ ನೆಲ್ಸನ್ ದ್ವೀಪದಲ್ಲಿ ಟೂಕ್ಸುಕ್ ಬೇ ಅಂತ ಇನ್ನೊಂದು ಯೂಪಿಕ್ ಊರಿದೆ. ಅಮೆರಿಕದ 2020ರ ಜನಗಣತಿ ಶುರುವಾಗಿದ್ದು ಅಲ್ಲಿಂದ, ಜನವರಿ 21ಕ್ಕೆ. ಮೊದಲು ಎಣಿಸಿದ್ದು 90 ವರ್ಷದ ಒಬ್ಬ ಅಜ್ಜಿಯನ್ನು. ಅಂಥ ಕೊರೆಯುವ ಚಳಿಯಲ್ಲೇ ಯಾಕೆ ಹೋದರು ಗೊತ್ತಾ? ನೆಲ ಗಟ್ಟಿಯಾಗಿದ್ದಾಗ ಓಡಾಟ ಸುಲಭ. ಹಿಮ ಕರಗಿತು ಅಂದರೆ ಬಾಗಿಲು ತಟ್ಟಿದರೂ ಎಷ್ಟೋ ಮನೆಗಳಲ್ಲಿ ಯಾರೂ ಸಿಗುವುದಿಲ್ಲ. ಮೀನಿಗೆ, ಬೇಟೆಗೆ ಹೊರಟುಬಿಟ್ಟಿರುತ್ತಾರೆ. ಪೇಟೆ ಮನೆ ಕೊಟ್ಟರೆ ಆ ಮೀನು, ಆ ಬೇಟೆ ಎಲ್ಲಿಂದ ತರೋಣ?